ಬೆಸ್ಸಿ ಕೋಲ್ಮನ್: ಶಾಲೆ ಕಟ್ಟಲು ಆಕಾಶಕ್ಕೇರಿದವಳು

1921ರ ಜೂನ್ 15ರಂದು ಫ್ರಾನ್ಸಿನಲ್ಲಿ ಅಂತಾರಾಷ್ಟ್ರೀಯ ವೈಮಾನಿಕ ಒಕ್ಕೂಟದ ಪರವಾನಗಿ ಪಡೆದ ಬೆಸ್ಸಿ ಕೋಲ್ಮನ್, ವಿಮಾನ ಚಾಲನೆಯ ಅರ್ಹತೆ ಗಳಿಸಿದ ಅಮೆರಿಕದ ಕಪ್ಪು ಜನಾಂಗದ ಮೊದಲ ಮಹಿಳೆ. ಚರಿತ್ರೆಯ ಪುಸ್ತಕಗಳು ಬಹುಮಟ್ಟಿಗೆ ಆಕೆಯನ್ನು ನೆನೆಯುವುದು ಇಷ್ಟಕ್ಕೇ. ಆಕೆಯ ಮಟ್ಟಿಗೆ ಮಾತ್ರ ಆ ಪರವಾನಗಿ ಮೊದಲ ಮೆಟ್ಟಿಲಾಗಿತ್ತು. ತನ್ನ ಜನಾಂಗದ ಯುವಕ ಯುವತಿಯರಿಗೆ ವಿಮಾನ ಹಾರಿಸಲು ಕಲಿಸುವ ಶಾಲೆಯೊಂದನ್ನು ತೆರೆಯಬೇಕೆಂಬುದು ಆಕೆಯ ಸಂಕಲ್ಪ. ಅದಕ್ಕೆ ಬೇಕಾದ ಹಣಕ್ಕಾಗಿ ಆಕೆ ಸುಮಾರು ಐದು ವರ್ಷ ಹೆಣಗಿದಳು. ಶಾಲೆಯ ಬಾಗಿಲು ತೆರೆಯುವ ಮುನ್ನವೇ, 34ನೆಯ ವಯಸ್ಸಿನಲ್ಲಿ, ವಿಮಾನದಿಂದ ಬಿದ್ದು ಪ್ರಾಣಬಿಟ್ಟಳು.

ಬೆಸ್ಸಿ ಹುಟ್ಟಿದ್ದು 1892ರ ಜನವರಿ 26ರಂದು, ಟೆಕ್ಸಾಸ್ ರಾಜ್ಯದ ಅಟ್ಲಾಂಟ ಎಂಬ ಸಣ್ಣ ಊರಿನಲ್ಲಿ. ಹದಿಮೂರು ಮಕ್ಕಳಲ್ಲಿ ಹತ್ತನೆಯವಳು. ಬೆಳೆದದ್ದು ಅದೇ ರಾಜ್ಯದ ವಾಕ್ಸಹಾಚಿಯಲ್ಲಿ. ತಂದೆ ಜಾರ್ಜ್ ಕೋಲ್ಮನ್ ಅವರ ವಂಶದಲ್ಲಿ ಚೆರೊಕಿ ಮೂಲನಿವಾಸಿಗಳ ರಕ್ತವಿತ್ತು. ಟೆಕ್ಸಾಸಿನ ವರ್ಣದ್ವೇಷಕ್ಕೆ ಬೇಸತ್ತ ಅವರು 1901ರಲ್ಲಿ ಮೂಲನಿವಾಸಿಗಳ ಪ್ರಾಂತ್ಯಕ್ಕೆ ಹೊರಟುಹೋದರು. ತಾಯಿ ಸೂಸನ್ ಮಕ್ಕಳೊಂದಿಗೆ ಅಲ್ಲಿಯೇ ಉಳಿದರು. ಮೈಲಿಗಟ್ಟಲೆ ನಡೆದು ಒಂದೇ ಕೋಣೆಯ ಶಾಲೆಗೆ ಹೋಗಿಬರುತ್ತಿದ್ದ ಬೆಸ್ಸಿ ಲೆಕ್ಕದಲ್ಲಿ ಜಾಣೆ. ಆದರೆ ಹತ್ತಿ ಬಿಡಿಸುವ ಕಾಲ ಬಂತೆಂದರೆ ಪಾಠ ನಿಲ್ಲುತ್ತಿತ್ತು, ಮಕ್ಕಳೆಲ್ಲ ಹೊಲಕ್ಕಿಳಿಯಬೇಕಿತ್ತು. ಬಟ್ಟೆ ಒಗೆದು ಕೂಡಿಟ್ಟ ಹಣದಲ್ಲಿ ಆಕೆ 1910ರಲ್ಲಿ ಓಕ್ಲಹಾಮದ ಲ್ಯಾಂಗ್‌ಸ್ಟನ್‌ನಲ್ಲಿದ್ದ, ಕಪ್ಪು ಜನಾಂಗದವರ ಕಾಲೇಜನ್ನು ಸೇರಿದಳು. ಒಂದೇ ಅವಧಿ ಮುಗಿಯುವಷ್ಟರಲ್ಲಿ ಹಣ ತೀರಿತು. ಊರಿಗೆ ಮರಳಿ ಮತ್ತೆ ಬಟ್ಟೆ ಒಗೆಯಲು ನಿಂತಳು.

ಕೆಲವು ವರ್ಷಗಳ ನಂತರ ಅಣ್ಣಂದಿರಿದ್ದ ಶಿಕಾಗೋ ನಗರಕ್ಕೆ ಬಂದು, ಕ್ಷೌರದ ಅಂಗಡಿಯೊಂದರಲ್ಲಿ ಗಿರಾಕಿಗಳ ಉಗುರುಗಳನ್ನು ಒಪ್ಪಗೊಳಿಸುವ ಕೆಲಸಕ್ಕೆ ಸೇರಿದಳು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿಬಂದಿದ್ದ ಅಣ್ಣ ಜಾನ್, ಅಲ್ಲಿಯ ಹೆಂಗಸರು ವಿಮಾನ ಹಾರಿಸುವುದನ್ನು ಹೇಳಿ ತಂಗಿಯನ್ನು ಛೇಡಿಸುತ್ತಿದ್ದನಂತೆ. ಆ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಜಗತ್ತಿನ ಮೊದಲ ಪರವಾನಗಿ ಪಡೆದ ಮಹಿಳಾ ವಿಮಾನ ಚಾಲಕಿ ರೇಮೊಂಡ್ ದ ಲಾರೋಷ್ ಫ್ರಾನ್ಸಿನವಳೇ. ಅದು 1910ರ ಮಾತು. ಅಣ್ಣನ ಕುಚೋದ್ಯವನ್ನು ಬೆಸ್ಸಿ ಸವಾಲಾಗಿ ಸ್ವೀಕರಿಸಿದಳು.

ಅಮೆರಿಕದ ಯಾವ ಶಾಲೆಯೂ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಹೆಣ್ಣೆಂಬುದು ಒಂದು ಅಡ್ಡಿ, ಕಪ್ಪು ವರ್ಣದವಳೆಂಬುದು ಇನ್ನೊಂದು. ಈ ಹಂತದಲ್ಲಿ ದಾರಿ ತೋರಿದವರು ಕಪ್ಪು ಜನಾಂಗದ ಪ್ರಭಾವಿ ಪತ್ರಿಕೆ ‘ಶಿಕಾಗೋ ಡಿಫೆಂಡರ್’ನ ಸಂಸ್ಥಾಪಕ ರಾಬರ್ಟ್ ಅಬ್ಬಟ್. ಫ್ರೆಂಚ್ ಕಲಿತು ಫ್ರಾನ್ಸಿಗೆ ಹೋಗುವಂತೆ ಅವರು ಸಲಹೆಯಿತ್ತರು. ಬ್ಯಾಂಕ್ ಮಾಲೀಕ ಜೆಸ್ಸಿ ಬಿಂಗಾ ಕೂಡ ನೆರವಾದರು. ಓದುಗರಿಗೆ ಒಳ್ಳೆಯ ಸುದ್ದಿಯೊಂದು ಸಿಗುತ್ತದೆಂಬ ಲೆಕ್ಕವೂ ಅಬ್ಬಟ್ ಮನಸ್ಸಿನಲ್ಲಿ ಇದ್ದಿರಬಹುದು. ಅದರಿಂದ ಆ ಉಪಕಾರದ ಬೆಲೆ ಕಡಿಮೆಯಾಗದು. ಕ್ಷೌರದಂಗಡಿಯ ಸಂಪಾದನೆಯಲ್ಲಿ ಉಳಿಸಿದ ಹಣವನ್ನೂ ಸೇರಿಸಿಕೊಂಡು, 1920ರ ನವೆಂಬರ್‌ನಲ್ಲಿ ಬೆಸ್ಸಿ ಹಡಗು ಹತ್ತಿದಳು.

ಉತ್ತರ ಫ್ರಾನ್ಸಿನ ಲ ಕ್ರೊಟಾಯ್ ಎಂಬಲ್ಲಿ ಕಾದ್ರೋ ಸಹೋದರರು ನಡೆಸುತ್ತಿದ್ದ ಶಾಲೆಯಲ್ಲಿ ಆಕೆ ಏಳು ತಿಂಗಳು ಕಲಿತಳು. ಅಲ್ಲಿಯ ನ್ಯೂಪೋರ್ ವಿಮಾನಗಳು ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಎರಡು ಅಂತಸ್ತಿನ ರೆಕ್ಕೆಯವು. ಅವಕ್ಕೆ ಬ್ರೇಕ್ ಇರಲಿಲ್ಲ. ಗುರು ಮುಂದೆ, ಶಿಷ್ಯೆ ಹಿಂದೆ; ಎಂಜಿನ್ನಿನ ಆರ್ಭಟದಲ್ಲಿ ಮಾತು ಕೇಳುವಂತಿರಲಿಲ್ಲ. ಗುರುವಿನ ಕೈ ಆಡಿದಂತೆ ತನ್ನ ಆಸನದ ಮುಂದಿನ ದಂಡ ಹೇಗೆ ಆಡುತ್ತದೆ, ಕಾಲಿನ ಹಲಗೆ ಹೇಗೆ ಸರಿಯುತ್ತದೆ ಎಂಬುದನ್ನು ಗಮನಿಸಿಯೇ ಪಾಠ ಗ್ರಹಿಸಬೇಕಿತ್ತು. ಸಹಪಾಠಿಯೊಬ್ಬ ಅಪಘಾತದಲ್ಲಿ ಸತ್ತದ್ದನ್ನು ಆಕೆ ಕಣ್ಣಾರೆ ಕಂಡಳು. ಆದರೂ ಕಲಿಕೆ ಬಿಡಲಿಲ್ಲ.

ಪರವಾನಗಿಯೊಂದಿಗೆ 1921ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಪತ್ರಕರ್ತರು ಸುತ್ತುವರಿದರು. ಪತ್ರಿಕೆಗಳಲ್ಲಿ ಹೆಸರೇನೋ ಬಂತು, ಉದ್ಯೋಗ ಬರಲಿಲ್ಲ. ಪ್ರಯಾಣಿಕರ ವಿಮಾನಯಾನ ಆಗಿನ್ನೂ ಬೆಳೆದಿರಲಿಲ್ಲ. ಅಂಚೆ ವಿಮಾನಗಳ ಕೆಲಸ ಬಿಳಿಯ ಪುರುಷರ ಪಾಲಾಗಿತ್ತು. ಆಕೆಯಂಥವರಿಗೆ ಉಳಿದಿದ್ದ ದಾರಿ ಒಂದೇ: ಊರೂರಿಗೆ ಹೋಗಿ, ಬಯಲಿನ ಮೇಲೆ ಲಾಗ ಹೊಡೆದು, ಜನರಿಂದ ಟಿಕೆಟ್ ಹಣ ಪಡೆಯುವ ಸಾಹಸ ಪ್ರದರ್ಶನ. ಅದಕ್ಕೆ ಬೇಕಾದ ಕೌಶಲ ತನ್ನಲ್ಲಿಲ್ಲವೆಂದು ಅರಿತ ಬೆಸ್ಸಿ 1922ರ ಆರಂಭದಲ್ಲಿ ಮತ್ತೆ ಯುರೋಪಿಗೆ ತೆರಳಿ, ಫ್ರಾನ್ಸ್, ಹಾಲೆಂಡ್, ಜರ್ಮನಿಗಳಲ್ಲಿ ಹೆಚ್ಚಿನ ತರಬೇತಿ ಪಡೆದು ಬಂದಳು.

ಆ ವರ್ಷದ ಸೆಪ್ಟೆಂಬರ್ 3ರಂದು ನ್ಯೂಯಾರ್ಕ್ ಬಳಿಯ ಕರ್ಟಿಸ್ ಫೀಲ್ಡ್‌ನಲ್ಲಿ, ಮಹಾಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ಗೌರವಾರ್ಥ ಆಕೆಯ ಮೊದಲ ಸಾರ್ವಜನಿಕ ಹಾರಾಟ ನಡೆಯಿತು. ಮುಂದಿನ ತಿಂಗಳು ಶಿಕಾಗೋದಲ್ಲಿ ಇನ್ನೊಂದು. ಸೇನಾಧಿಕಾರಿಯಂತೆ ಕಾಣುವ ಸಮವಸ್ತ್ರ, ಉದ್ದನೆಯ ಬೂಟು, ಕನ್ನಡಕ ಧರಿಸಿ ನಿಂತ ಬೆಸ್ಸಿಗೆ ಪ್ರಚಾರದ ಮರ್ಮ ಚೆನ್ನಾಗಿ ತಿಳಿದಿತ್ತು. ವಯಸ್ಸನ್ನು ಕೆಲವು ವರ್ಷ ಕಡಿಮೆ ಹೇಳಿಕೊಳ್ಳುವುದೂ ಇತ್ತು. ಇದೆಲ್ಲ ಆಗಿನ ಪ್ರದರ್ಶನ ವೃತ್ತಿಯ ರೂಢಿಯೇ. ಆದರೆ ಎಲ್ಲಿ ನಿಲ್ಲಬೇಕೆಂಬುದು ಆಕೆಗೆ ಗೊತ್ತಿತ್ತು. ಚಲನಚಿತ್ರವೊಂದರಲ್ಲಿ ನಟಿಸಲು ಒಪ್ಪಿದ್ದ ಆಕೆ, ಮೊದಲ ದೃಶ್ಯದಲ್ಲೇ ಹರಕು ಬಟ್ಟೆ ತೊಟ್ಟು, ಬೆನ್ನಿಗೆ ಗಂಟು ಹೊತ್ತು ಬರಬೇಕೆಂದು ತಿಳಿದೊಡನೆ ಹೊರನಡೆದಳು. ಕಪ್ಪು ಜನರ ಬಗ್ಗೆ ಬಿಳಿಯರು ಕಟ್ಟಿಕೊಂಡ ಚಿತ್ರಕ್ಕೆ ತಾನು ಬಣ್ಣ ತುಂಬಲಾರೆನೆಂಬುದು ಆಕೆಯ ನಿಲುವು. ಹಣವಿದ್ದ ಬೆಂಬಲಿಗರು ಕೆಲವರು ಇದರಿಂದ ದೂರ ಸರಿದರು. ಶಾಲೆ ಮತ್ತಷ್ಟು ಹಿಂದಕ್ಕೆ ಹೋಯಿತು.

ಶಾಲೆಗೆ ಮೊದಲು ಬೇಕಾದದ್ದು ಸ್ವಂತ ವಿಮಾನ. ಯುದ್ಧಕಾಲದ ತರಬೇತಿಗೆಂದು ಸಾವಿರಾರು ಸಂಖ್ಯೆಯಲ್ಲಿ ತಯಾರಾಗಿದ್ದ ಕರ್ಟಿಸ್ ಜೆಎನ್-4, ಜನರ ಬಾಯಲ್ಲಿ ‘ಜೆನ್ನಿ’, ಯುದ್ಧಾನಂತರ ಕೆಲವು ನೂರು ಡಾಲರ್‌ಗೇ ಸಿಗುತ್ತಿತ್ತು. 90 ಅಶ್ವಶಕ್ತಿಯ ಎಂಜಿನ್, ಹಳೆಯ ಬಟ್ಟೆ, ಸವೆದ ತಂತಿಗಳು. 1923ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಸ್ಸಿ ಅಂಥದೊಂದನ್ನು ಕೊಂಡಳು. ಫೆಬ್ರವರಿ 4ರಂದು ಲಾಸ್ ಏಂಜಲೀಸ್ ಪ್ರದರ್ಶನಕ್ಕೆ ಹೊರಟು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಎಂಜಿನ್ ನಿಂತುಹೋಗಿ ವಿಮಾನ ನೆಲಕ್ಕಪ್ಪಳಿಸಿತು. ಕಾಲು ಮುರಿಯಿತು, ಪಕ್ಕೆಲುಬುಗಳು ಮುರಿದವು. ತಿಂಗಳುಗಟ್ಟಲೆ ಹಾಸಿಗೆ. ಇದ್ದ ಒಂದು ವಿಮಾನವೂ ಹೋಯಿತು.

ಚೇತರಿಸಿಕೊಂಡು ಪ್ರದರ್ಶನಗಳಿಗೆ ನಿಯಮಿತವಾಗಿ ಮರಳಲು ಎರಡು ವರ್ಷವೇ ಹಿಡಿಯಿತು. ಟೆಕ್ಸಾಸಿನಲ್ಲಿ ಗುಲಾಮರಿಗೆ ಬಿಡುಗಡೆ ಘೋಷಣೆಯಾದ ದಿನದ ವಾರ್ಷಿಕೋತ್ಸವ, 1925ರ ಜೂನ್ 19ರಂದು, ಹ್ಯೂಸ್ಟನ್ ನಗರದಲ್ಲಿ ಆಕೆ ಹಾರಿದಳು. ತಾನು ಬೆಳೆದ ವಾಕ್ಸಹಾಚಿಯಲ್ಲಿ ಪ್ರದರ್ಶನ ಏರ್ಪಟ್ಟಾಗ, ಬಿಳಿಯರಿಗೊಂದು, ಕರಿಯರಿಗೊಂದು ಎಂದು ಎರಡು ದ್ವಾರ ಮಾಡುವುದಾಗಿ ಸಂಘಟಕರು ತಿಳಿಸಿದರು. ಎಲ್ಲರೂ ಒಂದೇ ದ್ವಾರದಿಂದ ಬಾರದಿದ್ದರೆ ಹಾರುವುದಿಲ್ಲವೆಂದು ಬೆಸ್ಸಿ ಹಟ ಹಿಡಿದಳು. ದ್ವಾರ ಒಂದೇ ಆಯಿತು. ಒಳಗೆ ಆಸನಗಳು ಮಾತ್ರ ಬೇರೆಬೇರೆಯಾಗಿಯೇ ಉಳಿದವು. ಗೆಲುವು ಅರ್ಧವೇ. ಆದರೂ ಹತ್ತಿ ಬಿಡಿಸುತ್ತಿದ್ದ ಹುಡುಗಿ ಅದೇ ಊರಿನ ಬಿಳಿಯರಿಂದ ಇಷ್ಟನ್ನು ಮಾಡಿಸಿದ್ದು ಆ ಕಾಲದಲ್ಲಿ ಸಣ್ಣ ಸಂಗತಿಯಲ್ಲ.

ನಂತರ ಜಾರ್ಜಿಯಾ, ಫ್ಲಾರಿಡಾಗಳ ಚರ್ಚುಗಳಲ್ಲಿ, ನಾಟಕ ಶಾಲೆಗಳಲ್ಲಿ ತನ್ನ ಹಾರಾಟದ ಚಲನಚಿತ್ರ ತುಣುಕುಗಳನ್ನು ತೋರಿಸಿ ಉಪನ್ಯಾಸ ನೀಡುತ್ತಾ ಹಣ ಕೂಡಿಸಿದಳು. ಆರ್ಲ್ಯಾಂಡೋದಲ್ಲಿ ಒಂದು ಸೌಂದರ್ಯ ಮಳಿಗೆಯನ್ನೂ ತೆರೆದಳು. ಡಲ್ಲಾಸ್‌ನಲ್ಲಿ ಕಂತಿನ ಮೇಲೆ ಕೊಂಡಿದ್ದ ಇನ್ನೊಂದು ಹಳೆಯ ಜೆನ್ನಿಯ ಕೊನೆಯ ಕಂತಿಗೆ ಎಡ್ವಿನ್ ಬೀಮನ್ ಎಂಬ ಶ್ರೀಮಂತ ನೆರವಾದ. 24 ವರ್ಷದ ಬಿಳಿಯ ಮೆಕ್ಯಾನಿಕ್ ವಿಲಿಯಂ ವಿಲ್ಸ್ ಅದನ್ನು ಡಲ್ಲಾಸ್‌ನಿಂದ ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಹಾರಿಸಿ ತಂದ. ಎಂಜಿನ್ ಕೈಕೊಟ್ಟದ್ದರಿಂದ ದಾರಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಇಳಿಸಬೇಕಾಯಿತು. ಆ ವಿಮಾನದಲ್ಲಿ ಹಾರಬೇಡವೆಂದು ಹಿತೈಷಿಗಳು ಹೇಳಿದ್ದೂ ಉಂಟು.

1926ರ ಏಪ್ರಿಲ್ 30ರ ಬೆಳಿಗ್ಗೆ, ಮರುದಿನದ ಪ್ರದರ್ಶನಕ್ಕಾಗಿ ಜಾಗ ನೋಡಲೆಂದು ಇಬ್ಬರೂ ಮೇಲೇರಿದರು. ವಿಮಾನ ನಡೆಸುತ್ತಿದ್ದವನು ವಿಲ್ಸ್. ಮರುದಿನ ಪ್ಯಾರಾಚೂಟ್ ಜಿಗಿತಕ್ಕೆ ಸೂಕ್ತ ಸ್ಥಳ ಹುಡುಕಲು ಬಾಗಿ ನೋಡಬೇಕಿದ್ದುದರಿಂದ, ಕುಳ್ಳಗಿನ ಬೆಸ್ಸಿ ಸೀಟ್ ಬೆಲ್ಟ್ ಕಟ್ಟಿಕೊಂಡಿರಲಿಲ್ಲ. ಇದ್ದಕ್ಕಿದ್ದಂತೆ ವಿಮಾನ ತಲೆಕೆಳಗಾಗಿ ಧುಮುಕಿತು. ಬೆಸ್ಸಿ ಹೊರಕ್ಕೆ ಎಸೆಯಲ್ಪಟ್ಟಳು. ವಿಲ್ಸ್ ವಿಮಾನದೊಂದಿಗೇ ನೆಲಕ್ಕೆ ಬಿದ್ದು ಸತ್ತ. ಎಂಜಿನ್ ರಿಪೇರಿಗೆ ಬಳಸಿದ್ದ ಸ್ಪ್ಯಾನರ್ ಒಂದು ಜಾರಿ ನಿಯಂತ್ರಣ ಯಂತ್ರಾಂಗದಲ್ಲಿ ಸಿಕ್ಕಿಬಿದ್ದುದೇ ಕಾರಣವೆಂದು ಅವಶೇಷಗಳಿಂದ ತಿಳಿದುಬಂತು. ವಿಮಾನಗಳನ್ನು ಪರೀಕ್ಷಿಸಿ ನೋಂದಾಯಿಸುವ, ಚಾಲಕರಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾಯ್ದೆಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು ಅದೇ ವರ್ಷದ ಮೇ 20ರಂದು. ಅಂದರೆ ಮೂರು ವಾರಗಳ ನಂತರ.

ಶಿಕಾಗೋದಲ್ಲಿ ನಡೆದ ಅಂತ್ಯಕ್ರಿಯೆಗೆ ಸಾವಿರಾರು ಜನ ಸೇರಿದ್ದರು. ಹಿರಿಯ ಹೋರಾಟಗಾರ್ತಿ ಐಡಾ ವೆಲ್ಸ್ ಸಭೆಯನ್ನು ನಡೆಸಿಕೊಟ್ಟರು. ಬೆಸ್ಸಿ ಬಯಸಿದ ಶಾಲೆಯನ್ನು ಕಟ್ಟಿದವರು ಬೇರೆಯವರು. 1929ರಲ್ಲಿ ವಿಲಿಯಂ ಪೊವೆಲ್ ಲಾಸ್ ಏಂಜಲೀಸ್‌ನಲ್ಲಿ ಆಕೆಯ ಹೆಸರಿನಲ್ಲೇ ವೈಮಾನಿಕ ಕ್ಲಬ್ ಆರಂಭಿಸಿದರು. ಅದರ ಚಾಲಕ ಜೇಮ್ಸ್ ಬ್ಯಾನಿಂಗ್, ಥಾಮಸ್ ಆಲನ್ ಜತೆಗೂಡಿ 1932ರಲ್ಲಿ ಅಮೆರಿಕ ಖಂಡದ ಒಂದು ತೀರದಿಂದ ಇನ್ನೊಂದಕ್ಕೆ ಹಾರಿದರು. ಶಿಕಾಗೋದಲ್ಲಿ ಕಾರ್ನೀಲಿಯಸ್ ಕಾಫಿ, ವಿಲ್ಲಾ ಬ್ರೌನ್ ನಡೆಸಿದ ಶಾಲೆಗೆ ಸರ್ಕಾರದ ನಾಗರಿಕ ಚಾಲಕರ ತರಬೇತಿ ಯೋಜನೆಯ ಗುತ್ತಿಗೆಯೂ ದೊರೆಯಿತು. ಅಲ್ಲಿ ಕಲಿತವರಲ್ಲಿ ಕೆಲವರು ಎರಡನೆಯ ಮಹಾಯುದ್ಧದ ಪ್ರಸಿದ್ಧ ಟಸ್ಕೀಗೀ ವೈಮಾನಿಕ ದಳವನ್ನು ಸೇರಿದರು.

ಅಮೆರಿಕದ ಅಂಚೆ ಇಲಾಖೆ 1995ರಲ್ಲಿ ಬೆಸ್ಸಿಯ ಚಿತ್ರವಿರುವ ಅಂಚೆಚೀಟಿ ಹೊರತಂದಿತು. 2023ರಲ್ಲಿ ಕಾಲು ಡಾಲರ್ ನಾಣ್ಯದ ಮೇಲೂ ಆಕೆ ಕಾಣಿಸಿಕೊಂಡಳು. ಇವೆಲ್ಲಕ್ಕೂ ಬಹಳ ಮೊದಲೇ, 1931ರಿಂದ, ಶಿಕಾಗೋದ ಕಪ್ಪು ವೈಮಾನಿಕರು ಪ್ರತಿ ವರ್ಷ ಲಿಂಕನ್ ಸ್ಮಶಾನದ ಮೇಲೆ ತಗ್ಗಾಗಿ ಹಾರಿ, ಆಕೆಯ ಸಮಾಧಿಯ ಮೇಲೆ ಹೂ ಸುರಿಸುವ ಪದ್ಧತಿಯನ್ನು ಆರಂಭಿಸಿದ್ದರು.