ಜಯಚಾಮರಾಜೇಂದ್ರ ಒಡೆಯರ್

ಜಯಚಾಮರಾಜೇಂದ್ರ ಒಡೆಯರ್ (ಜುಲೈ ೧೮, ೧೯೧೯ – ಸೆಪ್ಟೆಂಬರ್ ೨೩, ೧೯೭೪) ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರು, ವಾಗ್ಗೇಯಕಾರರು ಹಾಗೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪೋಷಕರು. ಗ್ರಾಮಫೋನ್ ತಟ್ಟೆಗಳ ಮಹಾಸಂಗ್ರಾಹಕರೆಂದೂ ಇವರು ಹೆಸರಾಗಿದ್ದರು.

ಬಾಲ್ಯದಲ್ಲಿಯೇ ಪಿಯಾನೊ ಅಭ್ಯಾಸ ಮಾಡಿದ ಇವರಿಗೆ ಕಚೇರಿ ನೀಡುವ ಪಿಯಾನೊ ವಾದಕರಾಗಬೇಕೆಂಬ ಹಂಬಲವಿತ್ತು. ೧೯೪೦ರಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್ ಅವರೂ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರೂ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿಗೆ ಸಿಂಹಾಸನ ಬಂತು. ಆ ಹಂಬಲ ಅಲ್ಲಿಗೇ ನಿಂತಿತು. ಉಳಿದದ್ದು ಆಲಿಸುವ ಸುಖ. ಅರಮನೆಯಲ್ಲಿ ದೊಡ್ಡ ಪಿಯಾನೊಗಳು, ಬಗೆಬಗೆಯ ಧ್ವನಿವರ್ಧಕಗಳು, ಸಾವಿರಾರು ತಟ್ಟೆಗಳ ಭಂಡಾರ ಇದ್ದವು.

ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಡ್ಟ್‌ನರ್ ಆಗ ಲಂಡನ್ನಿನಲ್ಲಿ ನೆಲೆಸಿ, ಅನಾರೋಗ್ಯದಿಂದ ಬಳಲುತ್ತ, ಬಹುಮಟ್ಟಿಗೆ ಮರೆತುಹೋದವರಾಗಿದ್ದರು. ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಲು ಒಡೆಯರ್ ಹಣ ಒದಗಿಸಿ ಮೆಡ್ಟ್‌ನರ್ ಸೊಸೈಟಿಯನ್ನು ಸ್ಥಾಪಿಸಿದರು. ಬ್ರಿಟಿಷರ ಆಡಳಿತದಲ್ಲಿದ್ದ ಬೆಂಗಳೂರಿನ ದಂಡು ಪ್ರದೇಶ, ಅಂದರೆ ಹಲಸೂರು, ಇಂದಿನ ಶಿವಾಜಿನಗರ ಮೊದಲಾದವು, ಮೈಸೂರಿಗೆ ಮರಳಿದ ೧೯೪೭ರಲ್ಲಿಯೇ ಮೂರು ಪಿಯಾನೊ ಕನ್ಸರ್ಟೊಗಳು ಎಚ್‌ಎಂವಿ ಕಂಪನಿಗಾಗಿ ಮುದ್ರಣಗೊಂಡವು.

ನಿಮಿಷಕ್ಕೆ ೭೮ ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ. ಇಂದಿನ ತಂತ್ರಾಂಶದಲ್ಲಿ ಒಂದು ಸ್ವರವನ್ನು ಕತ್ತರಿಸಿ ಮತ್ತೊಂದನ್ನು ಕೂಡಿಸಬಹುದು; ಅಂದು ತಪ್ಪಿದರೆ ಆ ಮುಖವನ್ನೆಲ್ಲ ಮೊದಲಿನಿಂದ ನುಡಿಸಬೇಕಾಗಿತ್ತು. ಅರವತ್ತೇಳರ ವಯಸ್ಸಿನ ಹೃದ್ರೋಗಿಗೆ ಇದು ಸಣ್ಣ ಶ್ರಮವಲ್ಲ. ಕೇಳುಗನೂ ಅರ್ಧ ಗಂಟೆಯ ಕೃತಿಗೆ ಏಳೆಂಟು ಬಾರಿ ಮುಳ್ಳನ್ನು ಎತ್ತಿ ಇಡಬೇಕು. ಮೂರನೆಯ ಕನ್ಸರ್ಟೊವನ್ನು ಮೆಡ್ಟ್‌ನರ್ ಮಹಾರಾಜರಿಗೆ ಅರ್ಪಿಸಿದರು. ಮೆಡ್ಟ್‌ನರ್ ೧೯೫೧ರಲ್ಲಿ ನಿಧನರಾದರು.

ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಒಡೆಯರ್ ಅವರೇ. ೧೯೫೦ರ ಮೇ ೨೨ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗಕ್ಕೆ ೪,೮೦೦ ಡಾಲರುಗಳ ಖಾತರಿ ನೀಡಿದವರು ಇವರು. ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು; ಫುರ್ಟ್‌ವೆಂಗ್ಲರ್ ನಿರ್ದೇಶಿಸಿದರು. ಒಡೆಯರ್ ಆ ಸಭೆಯಲ್ಲಿರಲಿಲ್ಲ. ಗೀತೆಗಳನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದೇ ಖಾತರಿಯ ಉದ್ದೇಶವಾಗಿತ್ತು. ಗರಗರ ಸದ್ದು ತುಂಬಿದ್ದರೂ ಆ ಮುದ್ರಣ ಇಂದಿಗೂ ಕೇಳಲು ದೊರೆಯುತ್ತದೆ.

ಇದೇ ಕಾಲದಲ್ಲಿ ಇವರ ಮನಸ್ಸು ಕರ್ನಾಟಕ ಸಂಗೀತದತ್ತ ಹೊರಳಿತು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದು ಶ್ರೀವಿದ್ಯಾ ಅಂಕಿತದಲ್ಲಿ ೯೪ ಕೃತಿಗಳನ್ನು ರಚಿಸಿದರು.

ರಾಜಪ್ರಮುಖರಾಗಿಯೂ, ಮುಂದೆ ಮೈಸೂರು ಮತ್ತು ಮದರಾಸು ರಾಜ್ಯಗಳ ರಾಜ್ಯಪಾಲರಾಗಿಯೂ ಸೇವೆ ಸಲ್ಲಿಸಿದ ಇವರು ಬೆಂಗಳೂರು ಅರಮನೆಯಲ್ಲಿ ಕೊನೆಯುಸಿರೆಳೆದರು.