ಗಾಳಿ ಹೋದರೆ ಹಿಡಿಯೋ ಬ್ರೇಕ್

ಹಾಸನದಿಂದ ಹೊಳೆನರಸೀಪುರಕ್ಕೆ ನಾವು ಹೋಗೋ ರೈಲನ್ನ ನಿಲ್ಲಿಸೋದು ಗಾಳಿ. ಅದರ ಹಿಂದಿರೋರು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್, ಹುಟ್ಟಿದ್ದು 1846ರಲ್ಲಿ. ಆಗ ಬ್ರೇಕ್‌ಮನ್‌ಗಳು ಒಂದೊಂದೇ ಬೋಗಿಯ ಬ್ರೇಕನ್ನ ಕೈಯಲ್ಲಿ ತಿರುಗಿಸಬೇಕಿತ್ತು, ರೈಲುಗಳು ಡಿಕ್ಕಿಯಾಗ್ತಿದ್ದವು. ಆಲ್ಪ್ಸ್ ಸುರಂಗದಲ್ಲಿ ಒತ್ತಡದ ಗಾಳಿಯಿಂದ ಬಂಡೆ ಕೊರೆಯೋದನ್ನ ಓದಿ, 1869ರಲ್ಲಿ, 22ನೇ ವಯಸ್ಸಿಗೇ ಏರ್ ಬ್ರೇಕ್‌ಗೆ ಪೇಟೆಂಟ್ ಪಡೆದರು. ಆದರೆ ಪೈಪ್ ಒಡೆದರೆ ಬ್ರೇಕೇ ಇಲ್ಲ! 1872ರಲ್ಲಿ ಪ್ರತಿ ಬೋಗಿಗೂ ಗಾಳಿಯ ಟ್ಯಾಂಕ್ ಇಟ್ಟರು: ಪೈಪಿನ ಒತ್ತಡ ಇಳಿದರೆ ಬ್ರೇಕ್ ತಾನೇ ಹಿಡಿಯುತ್ತೆ. 1914ರಲ್ಲಿ ತೀರಿಕೊಂಡರು.

ಅಲ್ಲಿ ಜೀವ ಉಳಿಸೋದು ಒಳಗೆ ಉಳಿದ ಗಾಳಿ. ನಾವು ರಿಪೇರಿ ಮಾಡೋ ಪಂಪಿನ ಏರ್ ಮೋಟರಿನಲ್ಲಿ ಕೈ ಮುರಿಯೋದೂ ಅದೇ. ವಾಲ್ವ್ ಮುಚ್ಚಿದರೆ ಸಾಲದು. ಒಳಗಿನ ಗಾಳಿಯನ್ನ ಪೂರ್ತಿ ಬಿಟ್ಟ ಮೇಲೇ ಸ್ಪ್ಯಾನರ್ ಹಿಡಿಯೋಣ.