ಮೊಸರಿನ ಹಿಂದೆ ಬಿದ್ದ ಮೆಚ್ನಿಕಾಫ್

ಕಳೆದ ವರ್ಷ ಬ್ಯಾಂಕ್ ಪರೀಕ್ಷೆಗೆ ಎಂಟು ದಿನ ಇರುವಾಗ ನನಗೆ ಶೀತ, ಗಂಟಲು ನೋವು ಶುರುವಾಯಿತು. ಕಂಕನಾಡಿಯ ಪಿ.ಜಿ.ಯಲ್ಲಿ ರೂಮ್‌ಮೇಟ್ ಉಳಿಸಿಟ್ಟಿದ್ದ ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಯಾರನ್ನೂ ಕೇಳದೆ ನುಂಗಿದೆ. ಗಂಟಲು ವಾಸಿಯಾಯಿತು (ತಾನಾಗಿಯೇ ಆಗುತ್ತಿತ್ತೇನೋ), ಹೊಟ್ಟೆ ಕೆಟ್ಟಿತು. ಪರೀಕ್ಷೆಯ ದಿನ ಬೆಳಗ್ಗೆ ಹಾಲ್ ಟಿಕೆಟ್ ಮೇಜಿನ ಮೇಲಿತ್ತು, ನಾನು ಬಾತ್‌ರೂಮಿನಲ್ಲಿದ್ದೆ. ಆರು ತಿಂಗಳ ಓದು ನೀರಲ್ಲಿ ಹೋಮ.

ಆಮೇಲೆ ನೋಡಿದ ವೈದ್ಯರು ಚೆನ್ನಾಗಿ ಬೈದರು. ಆ ಮಾತ್ರೆಗೆ ಕರುಳಿನಲ್ಲಿರುವ ಶತ್ರು ಯಾರು, ಮಿತ್ರ ಯಾರು ಎಂದು ಗೊತ್ತಾಗುವುದಿಲ್ಲ ಎಂದರು. ಊರಿಗೆ ಹೋದರೆ ಅಜ್ಜಿ ಕುಚ್ಚಲಕ್ಕಿ ಗಂಜಿಗೆ ಮಜ್ಜಿಗೆ ಸುರಿದು ಕೊಟ್ಟರು. ಮಂಗಳೂರಿಗೆ ಮರಳಿದ ಮೇಲೆ ಬಾವುಟಗುಡ್ಡೆಯ ಗ್ರಂಥಾಲಯದಲ್ಲಿ ಕರೆಂಟ್ ಅಫೇರ್ಸ್ ಬಿಟ್ಟು ಈ ಮಿತ್ರರ ಬಗ್ಗೆ ಹುಡುಕತೊಡಗಿದೆ. ಹಾಗೆ ಸಿಕ್ಕವರು ಇಲ್ಯಾ ಮೆಚ್ನಿಕಾಫ್.

ಹುಟ್ಟಿದ್ದು 1845ರಲ್ಲಿ, ಇಂದಿನ ಉಕ್ರೇನಿನ ಖಾರ್ಕಿವ್ ಬಳಿಯ ಹಳ್ಳಿಯಲ್ಲಿ. ನಾಲ್ಕು ವರ್ಷದ ಪದವಿಯನ್ನು ಎರಡೇ ವರ್ಷದಲ್ಲಿ ಮುಗಿಸಿದ ಬುದ್ಧಿವಂತ. ಆದರೆ ಮನಸ್ಸು ಮಾತ್ರ ಗಟ್ಟಿ ಇರಲಿಲ್ಲ. ಮೊದಲ ಹೆಂಡತಿ ಲುಡ್ಮಿಲಾ ಮದುವೆಯ ದಿನವೇ ಎಷ್ಟು ನಿತ್ರಾಣವಾಗಿದ್ದರೆಂದರೆ, ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತೊಯ್ದರಂತೆ. 1873ರಲ್ಲಿ ಕ್ಷಯ ಆಕೆಯನ್ನು ಕೊಂಡೊಯ್ಯಿತು. ಮೆಚ್ನಿಕಾಫ್ ಬದುಕು ಸಾಕೆಂದು ತೀರ್ಮಾನಿಸಿ, ಹೇಗೋ ಉಳಿದರು. ಆ ದಿನಗಳಲ್ಲೇ ಜಿನೀವಾದ ಸೇತುವೆಯೊಂದರ ಮೇಲೆ ದೀಪದ ಸುತ್ತ ಹಾರುವ ಹುಳುಗಳನ್ನು ಕಂಡರು. ಇಷ್ಟು ಅಲ್ಪಾಯುಷಿ ಜೀವಿಗಳಿಗೆ ವಿಕಾಸವಾದ ಹೇಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ತಲೆಗೆ ಹೊಕ್ಕಿತು. ಆ ಪ್ರಶ್ನೆ ಅವರನ್ನು ಮತ್ತೆ ಕೆಲಸಕ್ಕೆ ಎಳೆಯಿತು. ಇಡೀ ಜೀವನಚರಿತ್ರೆಯಲ್ಲಿ ನಾನು ಮೂರು ಸಲ ಓದಿದ ಭಾಗ ಇದು.

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದರು. ಮನೆಯವರೆಲ್ಲ ಸರ್ಕಸ್ ನೋಡಲು ಹೋದಾಗ ಇವರು ಒಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕುಳಿತು, ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಓಡಾಡುವ ಕೋಶಗಳನ್ನು ನೋಡುತ್ತಿದ್ದರು. ತೋಟದಿಂದ ಗುಲಾಬಿ ಮುಳ್ಳು ತಂದು ಮರಿಗೆ ಚುಚ್ಚಿದರು. ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಗೆ ಹಾಕಿವೆ! ನಮ್ಮ ರಕ್ತದ ಬಿಳಿ ಕಣಗಳೂ ರೋಗಾಣುಗಳನ್ನು ಹೀಗೆಯೇ ನುಂಗುತ್ತವೆ ಎಂದು ವಾದಿಸಿದರು. ಜರ್ಮನ್ ವಿಜ್ಞಾನಿಗಳು ವರ್ಷಗಟ್ಟಲೆ ವಿರೋಧಿಸಿದರು. 1908ರಲ್ಲಿ ಪಾಲ್ ಎರ್ಲಿಕ್ ಜತೆ ನೊಬೆಲ್ ಬಂತು.

ನಮಗೂ ಅವರಿಗೂ ಒಂದು ನಂಟಿದೆ. ಒಡೆಸ್ಸಾದಲ್ಲಿ ಅವರ ಶಿಷ್ಯರಾಗಿದ್ದ ವಾಲ್ಡೆಮರ್ ಹಾಫ್‌ಕಿನ್ 1897ರಲ್ಲಿ ಮುಂಬೈಯಲ್ಲಿ ಪ್ಲೇಗ್ ಲಸಿಕೆ ತಯಾರಿಸಿದರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿ ಅದನ್ನು ಚುಚ್ಚಿಸಿಕೊಂಡರು.

ಗುರುಗಳು ಆಗ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದರು. 1892ರಲ್ಲಿ ಕಾಲರಾ ರೋಗಾಣುಗಳನ್ನು ತಾವೇ ಕುಡಿದರು. ಏನೂ ಆಗಲಿಲ್ಲ. ಅದೇ ರೀತಿ ಕುಡಿದ ಇನ್ನೊಬ್ಬ ಸಹೋದ್ಯೋಗಿ ಸಾವಿನ ಅಂಚಿಗೆ ಹೋಗಿ ಬಂದ. (ಇಂದಾದರೆ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪದು, ಒಪ್ಪಲೂಬಾರದು.) ಒಬ್ಬನಿಗೆ ಬರುವ ರೋಗ ಇನ್ನೊಬ್ಬನಿಗೇಕೆ ಬರುವುದಿಲ್ಲ? ಗಾಜಿನ ತಟ್ಟೆಯಲ್ಲಿ ಬೇರೆ ಬೇರೆ ಸೂಕ್ಷ್ಮಜೀವಿಗಳ ಜತೆ ಕಾಲರಾ ಬೆಳೆಸಿ ನೋಡಿದರು. ಕೆಲವು ಅದಕ್ಕೆ ನೆರವಾದವು, ಕೆಲವು ತಡೆದವು. ಕರುಳಿನಲ್ಲಿ ಮೊದಲೇ ಬೀಡುಬಿಟ್ಟವರು ಯಾರು ಎಂಬುದರ ಮೇಲೆ ರೋಗ ನಿಂತಿರಬಹುದು ಎಂಬ ಊಹೆ ಅಲ್ಲಿಂದ ಬಂತು.

ಕೊನೆಯ ವರ್ಷಗಳಲ್ಲಿ ಮೊಸರಿನ ಹುಚ್ಚು. ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಹುಳಿ ಹಾಲೇ ಕಾರಣ ಎಂದು ನಂಬಿ ದಿನವೂ ಕುಡಿದರು. ಇಲ್ಲಿ ಅವರು ಎಡವಿದರು ಎನ್ನಲೇಬೇಕು. ದೊಡ್ಡ ಕರುಳು ಬರೀ ವಿಷದ ಗುಂಡಿ ಎಂದು ತಿಳಿದಿದ್ದರು. ಆ ಮೊಸರಿನ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ನೆಲೆಯೂರುವುದೇ ಇಲ್ಲ ಎಂದು ನಂತರ ಗೊತ್ತಾಯಿತು.

ಅವರು ಗುಂಡಿ ಎಂದ ಜಾಗದಲ್ಲೇ ಈಗ ದೊಡ್ಡ ಸಂಶೋಧನೆ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ, ಹೆಚ್ಚಿನವು ದೊಡ್ಡ ಕರುಳಿನಲ್ಲಿ. ನಾವು ಜೀರ್ಣಿಸಲಾರದ ನಾರನ್ನು ಅವು ಹುಳಿಯಿಸಿ ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ಅದು ಕರುಳಿನ ಗೋಡೆಗೆ ಆಹಾರ. ಜತೆಗೆ, ರಕ್ಷಣಾ ಕೋಶಗಳು ಅತಿರೇಕಕ್ಕೆ ಹೋಗದಂತೆ ತಡೆಯುವ ಕೋಶಗಳನ್ನೂ ಬೆಳೆಸುತ್ತದೆ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಸರಿಯಾಗಿ ಬೆಳೆಯುವುದೇ ಇಲ್ಲ. ಆ್ಯಂಟಿಬಯೋಟಿಕ್ ಮಿತ್ರರನ್ನು ಕೊಂದಾಗ ಖಾಲಿ ಜಾಗಕ್ಕೆ ಕ್ಲಾಸ್ಟ್ರಿಡಿಯಂ ಡಿಫಿಸೈಲ್‌ನಂಥ ಪುಂಡರು ನುಗ್ಗಿ ಭೇದಿ ತರಬಲ್ಲರು. ನನಗಾದದ್ದು ಅಷ್ಟು ದೊಡ್ಡದಲ್ಲ, ನಾಲ್ಕೈದು ದಿನದ ಕಥೆ. ಆದರೆ ಪರೀಕ್ಷೆ ಆ ನಾಲ್ಕೈದು ದಿನದೊಳಗೇ ಇತ್ತು.

ನೂರೈವತ್ತು ವರ್ಷ ಬದುಕಬಹುದು ಎಂದು ಆಸೆಪಟ್ಟ ಮೆಚ್ನಿಕಾಫ್ 1916ರ ಜುಲೈಯಲ್ಲಿ, 71ನೇ ವಯಸ್ಸಿನಲ್ಲಿ ಹೃದಯದ ಕಾಯಿಲೆಯಿಂದ ತೀರಿಕೊಂಡರು. ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ, ಪುಸ್ತಕಗಳ ನಡುವೆ ಇಟ್ಟಿದ್ದಾರೆ.

ಮೊನ್ನೆ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಪಾಪ, ಅವನಿಗೆ ಗಂಜಿ ಸಿಗಲಿಲ್ಲವಲ್ಲ ಎಂದರು.